ಅತ್ತೆಯ ಪೆಟ್ಟಿಗೆಯ ಮುಚ್ಚಳ

ನನ್ನ ಅತ್ತೆಗೂ ನನಗೂ ಒಂದು ದಿನವೂ ಸರಿಬಂದದ್ದಿಲ್ಲ. ನಾನು ಕಾಯಿಸಿದ ಗಂಜಿ ತೆಳು, ನಾನು ಹೊಲಿದ ಬಟ್ಟೆಯ ಬೂಟು ಬಿಗಿ, ನಾನು ಹೆತ್ತ ಒಂದೇ ಕೂಸು ಹೆಣ್ಣು. ಶಾಂಗ್ ಮನೆತನಕ್ಕೆ ಸೊಸೆಯಾಗಿ ಕಾಲಿಟ್ಟಂದಿನಿಂದ ಇದೇ ರಾಗ. ಆ ಮನೆಯಲ್ಲಿ ಅವಳು ಕೊಂಕು ತೆಗೆಯದೆ ಮೆಚ್ಚಿದ ವಸ್ತು ಒಂದೇ. ಅದು ಪಡುವಣ ಕೋಣೆಯಲ್ಲಿ ಇಟ್ಟಿದ್ದ ಅವಳ ಶವಪೆಟ್ಟಿಗೆ.

ಅವಳಿಗೆ ಅರವತ್ತು ತುಂಬಿದ ವರ್ಷ ನನ್ನ ಗಂಡ ದೆಶುನ್ ಅದನ್ನು ಮಾಡಿಸಿಕೊಟ್ಟಿದ್ದ. ಮಗನಾದವನು ಬದುಕಿರುವ ತಾಯಿಗೆ ಮಾಡಲೇಬೇಕಾದ ಕೆಲಸ. ದಪ್ಪ ದೇವದಾರು ಹಲಗೆ, ಮೇಲೆ ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಒಂದು ಕೈ ಮೆರುಗೆಣ್ಣೆ. ಬಳಿಯುವವಳು ನಾನು. ಪಕ್ಕದಲ್ಲಿ ಮೋಡ ಕಟ್ಟಿದ ಮುಖ ಹೊತ್ತು ಕೂತು ತಪ್ಪು ಹುಡುಕುವವಳು ಅವಳು.

"ಆ ಮೂಲೆ ಬಿಟ್ಟೆ."

"ಬಿಟ್ಟಿಲ್ಲ ಅತ್ತೆ. ಒಣಗಿದ ಮೇಲೆ ಕಾಣುತ್ತೆ."

"ಅದು ಒಣಗೋ ಹೊತ್ತಿಗೆ ನಾನು ಒಳಗೆ ಮಲಗಿರ್ತೀನಿ. ಈಗ್ಲೇ ಕಾಣ್ಬೇಕು."

ಮನೆಗೆ ಯಾರೇ ಬರಲಿ, ಚಿಕ್ಕಂದಿನಲ್ಲೇ ಬೆಳೆಯದಂತೆ ಬಟ್ಟೆ ಬಿಗಿದು ಕಟ್ಟಿದ ಪುಟ್ಟ ಪಾದಗಳಲ್ಲಿ ತಟ್ಟಾಡುತ್ತ ಕರೆದುಕೊಂಡು ಹೋಗಿ ಮುಚ್ಚಳವನ್ನು ಗೆಣ್ಣಿನಿಂದ ಬಡಿದು ತೋರಿಸುವಳು. "ಕೇಳಿದ್ರಾ ಸದ್ದು? ನನ್ನ ಸೊಸೆ ಯಾವತ್ತಾದ್ರೂ ಇಷ್ಟು ನೆಟ್ಟಗೆ ಉತ್ತರ ಕೊಟ್ಟಿದ್ದುಂಟಾ?" ಮುಚ್ಚಳದ ಮೇಲೆ ಒಂದು ಕಂದು ಬಣ್ಣದ ಮಣ್ಣಿನ ಬೋಗುಣಿ ಕವುಚಿ ಇಟ್ಟಿರುತ್ತಿತ್ತು. ಹೆಣ ಎತ್ತುವಾಗ ಹಿರಿಮಗ ಬೋಗುಣಿಯನ್ನು ತಲೆಯ ಮೇಲೆತ್ತಿ ನೆಲಕ್ಕೆ ಅಪ್ಪಳಿಸಬೇಕು. ಅದು ಒಡೆದ ಮೇಲೆಯೇ ಹೊರುವವರು ಪೆಟ್ಟಿಗೆಗೆ ಕೈ ಹಾಕುವುದು. ಆ ಬೋಗುಣಿಯನ್ನೂ ಅವಳೇ ಸಂತೆಯಲ್ಲಿ ಆರಿಸಿ ತಂದಿದ್ದಳು. "ಈ ಜಿಪುಣಿ ಕೈಗೆ ಬಿಟ್ರೆ ಬಿರುಕು ಬಿಟ್ಟಿದ್ದನ್ನ ತರ್ತಾಳೆ" ಎಂದು ನನ್ನೆದುರಿಗೇ ಕುಂಬಾರನಿಗೆ ಹೇಳಿದ್ದಳು.

ಎಲ್ಲರ ಹೊಲಗಳನ್ನೂ ಒಟ್ಟುಮಾಡಿ ಸರ್ಕಾರ ಕಮ್ಯೂನ್ ತಂದ ವರ್ಷ, ಚಳಿಗಾಲಕ್ಕೆ ಮೊದಲೇ ಊರಿನ ಒಲೆಗಳೆಲ್ಲ ಆರಿದವು. ಇನ್ನು ಮೇಲೆ ಯಾರೂ ಮನೆಯಲ್ಲಿ ಬೇಯಿಸುವಂತಿಲ್ಲ, ಎಲ್ಲರಿಗೂ ಒಂದೇ ಕ್ಯಾಂಟೀನು. ನನ್ನ ಕಬ್ಬಿಣದ ಬಾಣಲೆ, ಊರಲ್ಲೇ ಉಕ್ಕು ತೆಗೆಯಲು ಕಟ್ಟಿದ ಕುಲುಮೆಗೆ ಹೋಯಿತು. ತಟ್ಟೆ, ಬಟ್ಟಲು, ಜಾಡಿ ಎಲ್ಲ ಕ್ಯಾಂಟೀನಿಗೆ ಹೋದವು, ಅವುಗಳ ಜೊತೆ ಅತ್ತೆಯ ಬೋಗುಣಿಯೂ. ದೆಶುನ್ ಕಮ್ಯೂನಿನಲ್ಲಿ ನಮ್ಮ ಊರಿನ ದುಡಿಮೆ ತಂಡದ ಮುಖಂಡನಾಗಿದ್ದ. ಮೊದಲು ಕತ್ತೆಗಾಡಿ ಹೊಡೆಯುತ್ತಿದ್ದವನು, ಈಗ ಜೇಬಿನಲ್ಲಿ ಪೆನ್ನು ಸಿಕ್ಕಿಸಿಕೊಂಡು ಓಡಾಡುತ್ತಿದ್ದ. ಬರೆಯುವುದಕ್ಕೆ ಬಾರದು. ಆದರೆ ಸಭೆಯಲ್ಲಿ ನಾಲ್ಕು ಜನ ಚಪ್ಪಾಳೆ ತಟ್ಟಿದರೆ ಸಾಕು, ಅವನಿಗೆ ಹೆಂಡ ಕುಡಿದಷ್ಟು ಅಮಲು.

ಮೊದಮೊದಲು ಊಟವೋ ಊಟ. ಬಿಳಿ ಗೋಧಿಯ ಹಬೆಬನ್ನು, ಹಂದಿಮಾಂಸ, ಎಲೆಕೋಸಿನ ಸಾರು. ಅರ್ಧ ಕಚ್ಚಿ ಎಸೆದ ಬನ್ನುಗಳನ್ನು ನಾಯಿಗಳೂ ಮೂಸಿ ಬಿಡುತ್ತಿದ್ದವು. ಗಂಡಸರೆಲ್ಲ ಕುಲುಮೆಯ ಹತ್ತಿರ, ಹೊಲದಲ್ಲಿ ಗೆಣಸು ಅಗೆಯುವವರಿಲ್ಲದೆ ಕೊಳೆತು ನಾರುತ್ತಿತ್ತು. ಆ ವಾಸನೆಯನ್ನು ದಾಟಿ ಹೋಗಿ ಹೊಟ್ಟೆ ಬಿರಿಯುವಂತೆ ತಿಂದು ಬರುತ್ತಿದ್ದೆವು. ನನಗೆ ಅಸಹ್ಯವಾಗುತ್ತಿತ್ತು, ಆದರೆ ತಿನ್ನುತ್ತಿದ್ದೆ. ಅತ್ತೆಗೆ ಮಾತ್ರ ಸಂತೋಷವೋ ಸಂತೋಷ.

"ಇಷ್ಟು ವರ್ಷಕ್ಕೆ ಬಾಯಿಗೆ ರುಚಿ ಬಂತು ನೋಡು," ಎಂದಳು ಬಾಯಿ ಒರೆಸಿಕೊಳ್ಳುತ್ತ. "ಸರ್ಕಾರದ ಕೈ ನಿನ್ನ ಕೈಗಿಂತ ಚೆನ್ನಾಗಿದೆ."

"ಹಾಗಾದ್ರೆ ಬೂಟೂ ಸರ್ಕಾರವೇ ಹೊಲಿದುಕೊಡ್ಲಿ."

"ಕೊಡುತ್ತೆ ಕಣೇ. ನಿನ್ನ ಹಾಗೆ ಬಿಗಿಯಾಗಿ ಹೊಲಿಯಲ್ಲ."

ನಮ್ಮ ಮಗಳು ಸುಯಿಗೆ ಆಗ ಹದಿನಾರು. ಗೋಡೆಗಳ ಮೇಲೆ ಸುಣ್ಣದಲ್ಲಿ ಘೋಷಣೆ ಬರೆಯುವುದು, ಕುಲುಮೆಗೆ ಅದಿರು ಹೊರುವುದು, ಮನೆಗೆ ಬಂದು ನಮಗೆ ಭಾಷಣ ಮಾಡುವುದು. ಅಪ್ಪನ ಮಗಳು.

ಅಷ್ಟರಲ್ಲಿ ತಾಲ್ಲೂಕಿನ ಕಾರ್ಯದರ್ಶಿ ಕ್ಯಾಂಟೀನು ನೋಡಲು ಬರುತ್ತಾನೆಂದು ಸುದ್ದಿ ಬಂತು. ಪಕ್ಕದೂರಿನ ಕ್ಯಾಂಟೀನಿನಲ್ಲಿ ಮೇಜುಗಳಿದ್ದವು. ನಾವು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಉಣ್ಣುತ್ತಿದ್ದೆವು. ಮೇಜು ಮಾಡಲು ಊರಿನಲ್ಲಿ ಮರವೆಲ್ಲಿದೆ? ಬಾಗಿಲ ಹೊಸ್ತಿಲುಗಳೂ ಕುಲುಮೆಯ ಸೌದೆಗೆ ಹೋಗಿದ್ದವು. ಸಭೆಯಲ್ಲಿ ಎಲ್ಲರೂ ತಲೆ ತಗ್ಗಿಸಿ ಕೂತಿದ್ದಾಗ ನನ್ನ ಗಂಡ ಎದ್ದು ನಿಂತ.

"ನನ್ನ ತಾಯಿಯ ಶವಪೆಟ್ಟಿಗೆ ಕೊಡ್ತೀನಿ!"

ಚಪ್ಪಾಳೆ. ನಾನು ಕೈ ಎತ್ತಲಿಲ್ಲ. ನನ್ನ ಪಕ್ಕದಲ್ಲಿದ್ದ ಸುಯಿ ಎಲ್ಲರಿಗಿಂತ ಜೋರಾಗಿ ತಟ್ಟಿದಳು.

ಮನೆಗೆ ಬಂದ ಮೇಲೆ ಅಮ್ಮನಿಗೆ ಹೇಳುವ ಧೈರ್ಯ ಅವನಿಗಿರಲಿಲ್ಲ. ಅಡಿಯಲ್ಲಿ ಬೆಂಕಿ ಹಾಕಿ ಮೇಲೆ ಮಲಗುವ ಬಿಸಿಜಗಲಿಯ ಅಂಚಿನಲ್ಲಿ ಕೂತು ಬೀಡಿ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ.

"ಹೇಳು," ಎಂದೆ ನಾನು. "ಅಷ್ಟು ಜನರ ಮುಂದೆ ಹೇಳಿದವನಿಗೆ ಒಬ್ಬಳ ಮುಂದೆ ಹೇಳೋಕೆ ಏನು ಕಷ್ಟ?"

"ಏನು ಹೇಳ್ಬೇಕು ಇವ್ನು?" ಅತ್ತೆ ತಲೆ ಎತ್ತಿದಳು.

"ಅಮ್ಮಾ... ಪೆಟ್ಟಿಗೆ ಕ್ಯಾಂಟೀನಿಗೆ ಬೇಕಂತೆ. ಮೇಜು ಮಾಡೋದಕ್ಕೆ."

"ಯಾವ ಪೆಟ್ಟಿಗೆ?"

ಅವನ ಕಣ್ಣು ಪಡುವಣ ಕೋಣೆಯತ್ತ ಹೋಯಿತು. ಅವಳಿಗೆ ಅರ್ಥವಾಯಿತು. ಆಮೇಲೆ ಕೇಳಿದಳು, "ಹಾಗಾದ್ರೆ ನಾನೆಲ್ಲಿ ಮಲಗ್ಲಿ?"

"ಅಜ್ಜಿ, ಇನ್ನೆರಡು ವರ್ಷಕ್ಕೆ ಕಮ್ಯೂನೇ ಎಲ್ಲರಿಗೂ ಪೆಟ್ಟಿಗೆ ಕೊಡುತ್ತೆ," ಸುಯಿ ನಡುವೆ ಬಾಯಿ ಹಾಕಿದಳು. "ಇದಕ್ಕಿಂತ ಒಳ್ಳೇದು."

"ಆ ಎರಡು ವರ್ಷ ನಾನು ಸಾಯದೆ ಕಾಯ್ಬೇಕಾ, ಪುಟ್ಟಿ?"

"ಅಮ್ಮಾ, ಮಾತು ಕೊಟ್ಟುಬಿಟ್ಟಿದೀನಿ," ಎಂದ ದೆಶುನ್. "ನನ್ನ ಮರ್ಯಾದೆ ಪ್ರಶ್ನೆ."

"ನನಗೂ ಒಂದು ಮಾತು ಕೊಟ್ಟಿದ್ದೆ ಕಣೋ. ಅದರ ಮೇಲೆ ಮೆರುಗೆಣ್ಣೆ ಬಳೀತಾ ಇದೀವಿ."

ಮರುದಿನ ಬೆಳಿಗ್ಗೆ ದೆಶುನ್ ನಾಲ್ವರನ್ನು ಕರೆತಂದ. ಅವರಲ್ಲಿ ಕ್ಯಾಂಟೀನಿನ ಅಡುಗೆಯವ ಪಾಂಗ್ ಕೂಡ ಇದ್ದ, ಎತ್ತರದ ಆಳು, ಬಾಯಿತುಂಬ ತಮಾಷೆ. ಪಡುವಣ ಕೋಣೆಯ ಬಾಗಿಲು ತೆಗೆದರೆ ಅತ್ತೆ ಪೆಟ್ಟಿಗೆಯೊಳಗೆ ಕೂತಿದ್ದಾಳೆ. ಸಾವಿಗೆಂದು ಹೊಲಿಸಿಟ್ಟಿದ್ದ ನೀಲಿ ಅಂಗಿ ತೊಟ್ಟು, ಕೂದಲು ಬಾಚಿ, ಎರಡೂ ಕೈಗಳಿಂದ ಅಂಚು ಹಿಡಿದಿದ್ದಾಳೆ.

"ಅಮ್ಮಾ, ಇಳೀರಿ."

"ಹೊತ್ಕೊಂಡು ಹೋಗಿ. ಅದಕ್ಕೇ ತಾನೆ ಇದನ್ನ ಮಾಡಿಸಿದ್ದು?"

"ಅಮ್ಮಾ, ಜನ ನೋಡ್ತಿದಾರೆ."

"ನೋಡ್ಲಿ. ಜನ ಇಲ್ದೆ ಹೆಣ ಎತ್ತೋದುಂಟಾ?"

ಅವನು ಅಂಗಲಾಚಿದ, ಗದರಿದ, ಕೊನೆಗೆ ರೇಗಿ ಪಾಂಗ್‌ಗೆ ಕೈಸನ್ನೆ ಮಾಡಿದ. ಹಗ್ಗ ಕಟ್ಟಿ, ಬಡಿಗೆ ತೂರಿಸಿ, ಅತ್ತೆಯ ಸಮೇತ ಎತ್ತಿದರು. ಬೀದಿಯಲ್ಲಿ ಮಕ್ಕಳು ಹಿಂದೆ ಓಡಿಬಂದರು. ಪಾಂಗ್ ತಮಾಷೆಗೆ ಹೆಣ ಹೊರುವವರ ಕೂಗು ತೆಗೆದ, ಉಳಿದವರು ಕಿಸಕ್ಕನೆ ನಕ್ಕು ದನಿಗೂಡಿಸಿದರು. ದೆಶುನ್ ತಲೆ ತಗ್ಗಿಸಿ ಮುಂದೆ ಮುಂದೆ ನಡೆಯುತ್ತಿದ್ದ. ಹೆಣದ ಮುಂದೆ ಹಿರಿಮಗ ನಡೆಯುವ ಜಾಗ ಅದು. ಅದು ಅವನಿಗೆ ಹೊಳೆಯಲಿಲ್ಲವೋ, ಹೊಳೆದೂ ನಡೆದನೋ ತಿಳಿಯದು.

"ಅಳೋ!" ಪೆಟ್ಟಿಗೆಯಿಂದ ಅತ್ತೆ ಕೂಗಿದಳು. "ಅಳ್ದೇ ನಡೀತಿದೀಯಲ್ಲ, ನಾಚಿಕೆ ಇಲ್ವಾ? ಬೋಗುಣಿ ಎಲ್ಲಿ? ಬೋಗುಣಿ ಒಡೀದೆ ಎತ್ತಿದ್ರಲ್ಲೋ!"

ಜನ ಬಿದ್ದು ಬಿದ್ದು ನಕ್ಕರು. ಇಪ್ಪತ್ತು ವರ್ಷ ನನ್ನ ರಕ್ತ ಹೀರಿದ ಹೆಂಗಸು ಅವಳು. ಆದರೂ ಆ ನಗು ಕೇಳಿ ಅವಳ ಕೈ ಹಿಡಿದುಕೊಳ್ಳಬೇಕೆನಿಸಿತು, ಪೆಟ್ಟಿಗೆಯ ಪಕ್ಕದಲ್ಲಿ ನಡೆದು ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ. ಕ್ಯಾಂಟೀನಿನ ಅಂಗಳದಲ್ಲಿ ಇಳಿಸಿದ ಮೇಲೆ ತಾನೇ ಎದ್ದು, ನನ್ನ ಹೆಗಲು ಹಿಡಿದು ಹೊರಗೆ ಕಾಲಿಟ್ಟಳು.

"ಆಯ್ತು. ನನ್ನ ಸಾವು ನಾನೇ ನೋಡಿದೆ. ಇನ್ನು ಗರಗಸ ಹಾಕ್ಕೊಳ್ಳಿ."

ಪಕ್ಕದ ಹಲಗೆಗಳಿಂದ ಬೆಂಚುಗಳಾದವು. ಮುಚ್ಚಳವನ್ನು ಕತ್ತರಿಸಲಿಲ್ಲ. ಅಷ್ಟು ಹೊಳಪಿತ್ತು. ಎರಡು ಅಡ್ಡಗಾಲುಗಳ ಮೇಲೆ ಇಟ್ಟು ಮುಖಂಡರ ಮೇಜು ಮಾಡಿದರು.

ಕಾರ್ಯದರ್ಶಿ ಬಂದ ದಿನ ಮುಚ್ಚಳದ ಮೇಲೆ ಹಂದಿಮಾಂಸ, ಮೊಟ್ಟೆ, ಅತ್ತೆಯ ಬೋಗುಣಿಯ ತುಂಬ ಕೋಳಿಸಾರು. ಅವನು ದಪ್ಪ ಕುತ್ತಿಗೆಯ, ನಗುಮೊಗದ ಮನುಷ್ಯ. ಮೇಜನ್ನು ಅಂಗೈಯಿಂದ ಸವರಿ, "ಏನು ಮೆರುಗು, ಏನು ಮೆರುಗು! ಯಾರು ಬಳಿದಿದ್ದು?" ಎಂದ. ದೆಶುನ್ ಹಲ್ಲು ಕಿರಿದ. ಊರ ಮುದುಕರನ್ನೆಲ್ಲ ಸಾಲಾಗಿ ಕೂರಿಸಿದ್ದರು. ಕಾರ್ಯದರ್ಶಿ ಅತ್ತೆಯತ್ತ ತಿರುಗಿ ಕೇಳಿದ, "ಏನಮ್ಮ, ಕ್ಯಾಂಟೀನು ಹೇಗಿದೆ?"

"ಚೆನ್ನಾಗಿದೆ ಸ್ವಾಮಿ. ನೀವು ಉಣ್ತಾ ಇರೋದು ನನ್ನ ಪೆಟ್ಟಿಗೆ ಮುಚ್ಚಳದ ಮೇಲೆ. ನಿಮ್ಮ ಬಟ್ಟಲು ಇರೋ ಜಾಗದಲ್ಲಿ ನನ್ನ ಬಾಯಿ ಬರ್ಬೇಕಿತ್ತು."

ಊಟದ ಕಡ್ಡಿಗಳು ನಿಂತವು. ದೆಶುನ್ ಮುಖ ಸುಣ್ಣವಾಯಿತು. ಈಗಲಾದರೂ ಕಾರ್ಯದರ್ಶಿ ಬಟ್ಟಲು ಪಕ್ಕಕ್ಕಿಟ್ಟು ಏಳುತ್ತಾನೆ, ಮುದುಕಿಗೆ ಒಂದು ಮಾತು ಹೇಳುತ್ತಾನೆ ಎಂದುಕೊಂಡೆ. ಅವನು ಗಹಗಹಿಸಿ ನಕ್ಕ.

"ನೋಡಿದ್ರಾ! ಸಾವನ್ನೂ ಜನರಿಗೆ ಕೊಟ್ಟ ತಾಯಿ! ಇದು ಕ್ರಾಂತಿ ಅಂದ್ರೆ!" ಎಂದು ಮಾಂಸದ ದೊಡ್ಡ ತುಂಡೊಂದನ್ನು ಎತ್ತಿ ಬಾಯಿಗಿಟ್ಟುಕೊಂಡ. ಎಣ್ಣೆ ಮುಚ್ಚಳದ ಮೇಲೆ ತೊಟ್ಟಿಕ್ಕಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಸುಯಿ ಕೈ ಎತ್ತಿದ್ದಳು. ಅಜ್ಜಿಯ ಮುಖ ನೋಡಿ ಇಳಿಸಿದಳು.

ಮಾದರಿ ತಂಡವೆಂದು ನಮಗೆ ಕೆಂಪು ಬಾವುಟ ಸಿಕ್ಕಿತು. ಹೊಲದಲ್ಲಿ ಬೆಳೆಯದ ಧಾನ್ಯವನ್ನೂ ಬೆಳೆದಿದ್ದೇವೆಂದು ದೆಶುನ್ ಒಪ್ಪಿಕೊಂಡು ಬಂದಿದ್ದ. ಆ ಲೆಕ್ಕಕ್ಕೆ ಸರ್ಕಾರದ ಲಾರಿಗಳು ಬಂದು ಇದ್ದದ್ದನ್ನೂ ತುಂಬಿಕೊಂಡು ಹೋದವು. ಹಿಮ ಬೀಳುವ ಹೊತ್ತಿಗೆ ಕ್ಯಾಂಟೀನಿನಲ್ಲಿ ಬನ್ನು ನಿಂತು ಜೋಳದ ಮುದ್ದೆ, ಅದೂ ನಿಂತು ನವಣೆ ಗಂಜಿ, ಆಮೇಲೆ ಗಂಜಿಯಲ್ಲಿ ನವಣೆಯನ್ನು ಹುಡುಕಬೇಕಾಯಿತು. ಗೆಣಸಿನ ಬಳ್ಳಿ, ಎಲೆಕೋಸಿನ ಬೇರು ಅರೆದು ಸೇರಿಸುತ್ತಿದ್ದರು. ಕುಡಿದವರ ಕಾಲು ಊದಿಕೊಂಡವು. ಮನೆಯಲ್ಲಿ ಏನಾದರೂ ಕಾಯಿಸೋಣವೆಂದರೆ ಬಾಣಲೆಯಿಲ್ಲ, ಹೊಗೆ ಕಂಡರೆ ತಪಾಸಣೆ.

ದೆಶುನ್ ಕಾಲು ಊದಿಕೊಳ್ಳಲಿಲ್ಲ. ಎಲ್ಲರ ಗಂಜಿ ಮುಗಿದು ಕ್ಯಾಂಟೀನಿನ ಬಾಗಿಲು ಹಾಕಿದ ಮೇಲೆ ಅವನು, ತಂಡದ ಲೆಕ್ಕ ಬರೆಯುವ ಗುಮಾಸ್ತ, ಪಾಂಗ್ ಮೂವರೂ "ಮೀಟಿಂಗ್" ಮಾಡುತ್ತಿದ್ದರು. ಮನೆಗೆ ಬಂದಾಗ ತುಟಿ ಹೊಳೆಯುತ್ತಿತ್ತು. ಒಂದು ಸಂಜೆ ಅಮ್ಮನಿಗೆಂದು ಅಂಗಿಯೊಳಗೆ ಬನ್ನು ಬಚ್ಚಿಟ್ಟುಕೊಂಡು ತಂದ. ಅತ್ತೆ ಅದನ್ನು ಮೂಸಿದಳು.

"ಎಲ್ಲಿ ಕೂತು ಉಂಡೆ?"

"ಕ್ಯಾಂಟೀನಲ್ಲಿ."

"ಮುಚ್ಚಳದ ಮೇಲಾ?"

"ಅಮ್ಮಾ, ತಿನ್ನಿ ಸುಮ್ನೆ. ಸತ್ತು ಹೋಗ್ತೀರಿ."

"ಹೋಗ್ತೀನಿ. ಅದನ್ನೇ ಹೇಳ್ಬೇಕು ಅಂತಿದ್ದೆ." ಅವಳು ಬನ್ನನ್ನು ಸುಯಿಯ ಕೈಗೆ ಕೊಟ್ಟಳು. "ಪೆಟ್ಟಿಗೆ ಕೇಳಲ್ಲ ನಾನು. ಕೆಳಗೆ ಮಣ್ಣು, ಪಕ್ಕಕ್ಕೆ ಮಣ್ಣು, ಇರ್ಲಿ. ಮುಚ್ಚಳ ಒಂದು ಕೊಡು. ಮುಖದ ಮೇಲೆ ಮಣ್ಣು ಹಾಕ್ಬೇಡಿ. ಬಾಯೊಳಗೆ ಮಣ್ಣು ಹೋಗುತ್ತೆ ಅಂತ ನನಗೆ ಹೆದರಿಕೆ ಕಣೋ."

ಯಾವತ್ತೂ ಯಾರಿಗೂ ಹೆದರದವಳ ಬಾಯಿಂದ ಆ ಮಾತು ಕೇಳಿ ನಾನು ಹೊರಗೆ ಹೋಗಿ ನಿಂತೆ.

"ಕೊಡ್ತೀನಿ," ಎಂದ ಒಳಗಿನಿಂದ ನನ್ನ ಗಂಡ. "ಆಣೆ ಮಾಡ್ತೀನಿ."

"ಆಣೆ ಬೇಡ. ನಿನ್ನ ಆಣೆ ಮೇಲೂ ಯಾರಾದ್ರೂ ಬಟ್ಟಲು ಇಟ್ಟಾರು."

ಅತ್ತೆಗೆ ಕೇಳದಂತೆ ನಾನು ಆಮೇಲೆ ಅವನನ್ನು ತಡೆದು ನಿಲ್ಲಿಸಿದೆ. "ಸುಯಿ ಅಪ್ಪಾ, ಮುಚ್ಚಳ ಈಗ್ಲೇ ತಂದಿಡು. ಅವಳು ಕಣ್ಣಲ್ಲಿ ನೋಡ್ಲಿ."

"ಈಗ್ಲೇ ಹೇಗೆ ತರೋದು? ಮೇಲಿನವರು ಬಂದ್ರೆ ಎಲ್ಲಿ ಕೂರಿಸ್ಲಿ?"

"ನೆಲದ ಮೇಲೆ. ನಾವೆಲ್ಲ ಎಲ್ಲಿ ಕೂರ್ತೀವಿ?"

"ನಿನಗೆ ರಾಜಕೀಯ ಗೊತ್ತಾಗಲ್ಲ."

"ಹೌದು. ನನಗೆ ಗೊತ್ತಾಗೋದು ನಿನ್ನ ಬಾಯಿಂದ ಬರ್ತಿರೋ ಹಂದಿಕೊಬ್ಬಿನ ವಾಸನೆ ಮಾತ್ರ."

ಅವನು ಕೈ ಎತ್ತಿದ. ಸುಯಿ ನಡುವೆ ಬಂದು ನಿಂತಳು. ಅವಳ ಕೆನ್ನೆ ಊದಿ ಕಣ್ಣು ಸಣ್ಣಗಾಗಿದ್ದವು. ಅವನು ಕೈ ಇಳಿಸಿದ.

ಹಿಮ ಕರಗಲು ಶುರುವಾದಾಗ ಒಂದು ಬೆಳಿಗ್ಗೆ ಅತ್ತೆ ಏಳಲಿಲ್ಲ. ಕ್ಯಾಂಟೀನಿನಿಂದ ಗಂಜಿಯ ಬಟ್ಟಲು ಹಿಡಿದು ಬಂದ ನನ್ನನ್ನು ಬೈಯದಿದ್ದಾಗಲೇ ನನಗೆ ಗೊತ್ತಾಯಿತು. ಬಿಸಿಜಗಲಿ ತಣ್ಣಗಾಗಿತ್ತು, ಅವಳೂ. ನಾನು ಅವಳ ಮುಖ ತೊಳೆದೆ, ನೀಲಿ ಅಂಗಿ ತೊಡಿಸಿದೆ, ನಾನೇ ಹೊಲಿದ ಬೂಟು ಹಾಕಿದೆ. ಸಡಿಲವಾಗಿ ಕಾಲಿಗೆ ಏರಿತು. ಅಷ್ಟು ಸೊರಗಿದ್ದಳು.

ದೆಶುನ್ ಬಂದು ನೋಡಿ ಗೋಡೆಗೆ ಒರಗಿದ. ಅವನ ಕಣ್ಣು ಒದ್ದೆಯಾಯಿತು, ನಾನು ಸುಳ್ಳು ಹೇಳುವುದಿಲ್ಲ. ಆದರೆ ಅವನ ಬಾಯಿಂದ ಬಂದ ಮೊದಲ ಮಾತು ಇದು: "ಯಾರಿಗೂ ಹೇಳ್ಬೇಡಿ."

"ಏನು?"

"ನಮ್ಮ ತಂಡದಲ್ಲಿ ಈ ಚಳಿಗಾಲ ಯಾರೂ ಸತ್ತಿಲ್ಲ ಅಂತ ವರದಿ ಹೋಗಿದೆ. ಬಾವುಟ ಕಿತ್ಕೊಳ್ತಾರೆ. ಕತ್ತಲಾದ ಮೇಲೆ ಚಾಪೆಯಲ್ಲಿ ಸುತ್ತಿ ಮಣ್ಣು ಮಾಡೋಣ. ಅಳೋದು ಬೇಡ."

"ಮುಚ್ಚಳ?"

"ಮುಚ್ಚಳ ಹೊತ್ಕೊಂಡು ಹೋದ್ರೆ ಊರಿಗೆಲ್ಲ ಗೊತ್ತಾಗಲ್ವಾ?"

"ಆಣೆ ಮಾಡ್ತೀನಿ ಅಂದಿದ್ಯಲ್ಲ, ಅಪ್ಪ," ಎಂದಳು ಸುಯಿ.

"ನೀನು ಚಿಕ್ಕವಳು, ಬಾಯಿ ಮುಚ್ಚು." ಟೋಪಿ ಸರಿ ಮಾಡಿಕೊಂಡು ಹೊರಟೇ ಹೋದ. ಆ ಬೆನ್ನನ್ನು ನೋಡುತ್ತ, ಇವನ ಜೊತೆ ಒಂದೇ ಹೊದಿಕೆಯಲ್ಲಿ ಮಲಗಿದ್ದೆನಲ್ಲ ಎಂದು ನನ್ನ ಮೈಯ ಮೇಲೇ ನನಗೆ ಹೇಸಿಗೆಯಾಯಿತು.

ನಾನೂ ಸುಯಿಯೂ ಊರ ಹೊರಗೆ ಮಾವನ ಗೋರಿಯ ಪಕ್ಕದಲ್ಲಿ ಗುಂಡಿ ತೋಡಿದೆವು. ನೆಲ ಮೇಲೆ ಕೆಸರು, ಕೆಳಗೆ ಕಲ್ಲು. ತೋಡಿ ಕೈ ಸೋತು ಕೂತಾಗ ಸುಯಿ ಕೇಳಿದಳು, "ಅಮ್ಮಾ, ಮಣ್ಣು ನಿಜವಾಗ್ಲೂ ಬಾಯೊಳಗೆ ಹೋಗುತ್ತಾ?"

"ಏಳು," ಎಂದೆ. "ಗಾಡಿ ತಗೊಂಡು ಬಾ."

ಮಧ್ಯಾಹ್ನ. ಎಲ್ಲರೂ ಗಂಜಿ ಕುಡಿದು ಹೋಗಿ ಕ್ಯಾಂಟೀನಿನ ಮುಂಬಾಗಿಲು ಮುಚ್ಚಿತ್ತು. ಒಂಟಿಚಕ್ರದ ತಳ್ಳುಗಾಡಿಯನ್ನು ಹಿತ್ತಲಲ್ಲಿ ನಿಲ್ಲಿಸಿ ನಾವು ನೀರು ತರುವ ಬಾಗಿಲಿನಿಂದ ಒಳಹೊಕ್ಕೆವು. ಮುಚ್ಚಳದ ಸುತ್ತ ದೆಶುನ್, ಗುಮಾಸ್ತ, ಪಾಂಗ್. ನಡುವೆ ಅತ್ತೆಯ ಕಂದು ಬೋಗುಣಿ, ಅದರ ತುಂಬ ಬಿಳಿ ಗೋಧಿಯ ಶಾವಿಗೆ, ಮೇಲೆ ತೇಲುವ ಕೊಬ್ಬು. ಬಿಸಿ ಆವಿ ಏಳುತ್ತಿತ್ತು. ಮನೆಯಲ್ಲಿ ಹೆತ್ತ ತಾಯಿಯ ಹೆಣ ಇಟ್ಟುಕೊಂಡು ಅವನು ಶಾವಿಗೆ ಎಳೆದು ಹೀರುತ್ತಿದ್ದ. ಆ ಸೊರ ಸೊರ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

"ಏಳಿ," ಎಂದೆ.

"ನಿನಗೇನು ಇಲ್ಲಿ ಕೆಲಸ? ಮೀಟಿಂಗ್ ನಡೀತಿದೆ!"

"ನಿಮ್ಮಮ್ಮ ಕಾಯ್ತಿದಾಳೆ. ಮುಚ್ಚಳ ಬೇಕು."

ಗುಮಾಸ್ತ ಬಟ್ಟಲು ಕೆಳಗಿಟ್ಟ. "ಏನಾಯ್ತು ಅಜ್ಜಿಗೆ?"

"ಏನೂ ಆಗಿಲ್ಲ!" ದೆಶುನ್ ಕಿರುಚಿದ. "ಹೊರಗೆ ಹೋಗು, ಹಾಳಾದವಳೇ!"

ಪಾಂಗ್ ನನ್ನ ಮುಖವನ್ನೂ ಸುಯಿಯ ಕೆಸರು ಮೆತ್ತಿದ ಕೈಗಳನ್ನೂ ನೋಡಿದ. ಅವನು ಎದ್ದು ನಿಂತ. ಗುಮಾಸ್ತನೂ ಎದ್ದ. ದೆಶುನ್ ಮಾತ್ರ ಕೂತೇ ಇದ್ದ, ಎರಡೂ ಮೊಣಕೈ ಮುಚ್ಚಳದ ಮೇಲೆ ಊರಿ. ಸುಯಿ ಆ ತುದಿಗೆ ಹೋದಳು, ನಾನು ಈ ತುದಿಗೆ. ಮಗಳು ನನ್ನ ಕಡೆ ನೋಡಿ ತಲೆಯಾಡಿಸಿ ಎತ್ತಿದಳು. ಮುಚ್ಚಳ ವಾಲಿತು. ಬಟ್ಟಲುಗಳು ಜಾರಿ ಬಿದ್ದವು. ಬೋಗುಣಿ ಜಾರತೊಡಗಿದಾಗ ದೆಶುನ್ ಅಯ್ಯಯ್ಯೋ ಎನ್ನುತ್ತ ಹಾರಿ ಎರಡೂ ಕೈಗಳಲ್ಲಿ ಅದನ್ನು ಹಿಡಿದ, ಎದೆಯ ಮಟ್ಟಕ್ಕೆ ಎತ್ತಿಯೂ ಬಿಟ್ಟ. ಕುದಿಯುವ ಸಾರು ಕೈಯ ಮೇಲೆ ಚೆಲ್ಲಿತು. ಬೋಗುಣಿಯನ್ನು ಕೈಬಿಟ್ಟ. ಅದು ನೆಲಕ್ಕೆ ಬಿದ್ದು ಚೂರು ಚೂರಾಯಿತು.

ಅಲ್ಲಿದ್ದ ಎಲ್ಲರಿಗೂ ಅದೇನೆಂದು ಗೊತ್ತಿತ್ತು.

"ಹಿರಿಮಗ ಬೋಗುಣಿ ಒಡೆದ," ಎಂದೆ ನಾನು. "ಎತ್ತು ಸುಯಿ."

ದೇವದಾರು ಭಾರ, ನಮ್ಮ ಮೈಯಲ್ಲಿ ಕಸುವಿಲ್ಲ. ಪಾಂಗ್ ಬಂದು ನಡುವೆ ಹೆಗಲು ಕೊಟ್ಟ. ಈ ಸಲ ಅವನು ಯಾವ ಕೂಗೂ ತೆಗೆಯಲಿಲ್ಲ. ಬಾಗಿಲು ದಾಟುವಾಗ ನಾನು ಹಿಂತಿರುಗಿ ನೋಡಿದೆ. ದೆಶುನ್ ಕುಕ್ಕರಗಾಲಲ್ಲಿ ಕೂತು, ಬೋಗುಣಿಯ ಚೂರುಗಳ ನಡುವಿನಿಂದ ಶಾವಿಗೆಯನ್ನು ಹೆಕ್ಕಿ ಹೆಕ್ಕಿ ಅಂಗೈಯಲ್ಲಿ ಸೇರಿಸುತ್ತಿದ್ದ.

ಹಗಲು ಬೆಳಕಿನಲ್ಲೇ ಮಣ್ಣು ಮಾಡಿದೆವು. ಚಾಪೆಯಲ್ಲಿ ಸುತ್ತಿದ ಅತ್ತೆಯನ್ನು ಇಳಿಸಿ ಮೇಲೆ ಮುಚ್ಚಳ ಇಟ್ಟೆವು. ಮೆರುಗಿನ ಮೇಲೆ ಬಟ್ಟಲುಗಳ ಎಣ್ಣೆಯ ಬಳೆಗುರುತು ತುಂಬಿತ್ತು. ಸುಯಿ ತೋಳಿನಿಂದ ಉಜ್ಜಿದಳು, ಹೋಗಲಿಲ್ಲ, ಉಗುರಿನಿಂದ ಕೆರೆದಳು. "ಆ ಮೂಲೆ ಬಿಟ್ಟೆ" ಎಂದೆ, ಹೇಳಿದ ಮೇಲೆ ಅದು ಯಾರ ಮಾತೆಂದು ಹೊಳೆದು ಇಬ್ಬರೂ ಅತ್ತೆವು, ಜೋರಾಗಿ, ಊರಿಗೆ ಕೇಳುವಂತೆ.

ಸಂಜೆ ದೆಶುನ್ ಮನೆಗೆ ಬಂದ. ಸುಟ್ಟ ಕೈಗೆ ಬಟ್ಟೆ ಸುತ್ತಿದ್ದ. ನಮ್ಮ ಮೇಲೆ ಯಾರಿಗೂ ದೂರು ಕೊಡುವ ಹಾಗಿರಲಿಲ್ಲ, ಕೊಟ್ಟರೆ ಶಾವಿಗೆ ಎಲ್ಲಿಂದ ಬಂತೆಂದು ಕೇಳುತ್ತಾರೆ. ಖಾಲಿಯಾದ ಪಡುವಣ ಕೋಣೆಯೊಳಗೆ ಇಣುಕಿ ನೋಡಿ ಕೇಳಿದ.

"ನಾಳಿದ್ದು ಕಾರ್ಯದರ್ಶಿ ಬರ್ತಾರೆ. ಮೇಜು ಎಲ್ಲಿ ಅಂತ ಕೇಳಿದ್ರೆ ಏನು ಹೇಳ್ಲಿ?"

"ಅದರ ಒಡತಿ ಬಂದು ತಗೊಂಡು ಹೋದಳು ಅಂತ ಹೇಳು," ಎಂದೆ.